ಬಳಿ ಠರಾವಿನ ವರ್ಷ

ಹೋದ ತಿಂಗಳು ಸೊಲ್ಲಾಪುರದ ನಮ್ಮ ಕಚೇರಿಯ ಸಭಾಗೃಹಕ್ಕೆ ಬಣ್ಣ ಹೊಡೆಯುತ್ತಿದ್ದರು. ಕುರ್ಚಿಗಳನ್ನೆಲ್ಲ ಹೊರಗೆ ಸಾಗಿಸಿದ್ದರಿಂದ ಆ ದಿನದ ಸಭೆಗೆ ಪಕ್ಕದ ಕೋಣೆಯಲ್ಲಿ ಜಮಖಾನ ಹಾಸಬೇಕಾಯಿತು. ಮಳೆಗಾಲವೆಲ್ಲ ಅಟ್ಟದ ಮೇಲೆ ಸುತ್ತಿಟ್ಟಿದ್ದ ಜಮಖಾನ ಅದು. ಶಿಪಾಯಿ ಅದನ್ನು ಕೊಡವಿ ಬಿಚ್ಚಿದ ಕೂಡಲೇ ಧೂಳು, ಹಸಿ ನೂಲು, ಎಂದೋ ಚೆಲ್ಲಿದ ಚಹಾ ಎಲ್ಲ ಕೂಡಿದ ಒಂದು ಮುಗ್ಗಲು ವಾಸನೆ ಎದ್ದಿತು. ಜೊತೆಯವರು ಮೂಗಿಗೆ ಸೆರಗು ಹಿಡಿದು ಕಿಟಕಿ ತೆರೆಯಲು ಹೋದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕರಿಬಾವಿಯ ಗ್ರಾಮಸಭೆಯ ವಾಸನೆ ಅದು. ಮಾರುತಿ ಗುಡಿಯ ಮುಂದೆ ಹಾಸುತ್ತಿದ್ದ ಪಂಚಾಯತಿಯ ಜಮಖಾನಕ್ಕೂ ಇದೇ ವಾಸನೆ ಇತ್ತು. ಆಮೇಲೆ ಸಭೆಯಲ್ಲಿ ಯಾರು ಏನು ಮಾತಾಡಿದರೋ ನನಗೆ ಅಷ್ಟು ನೆನಪಿಲ್ಲ.

ಕರಿಬಾವಿ ನನ್ನ ಮೊದಲ ನೌಕರಿಯ ಊರು. ಅಕ್ಕಲಕೋಟೆಯಿಂದ ಮೈಂದರ್ಗಿಯ ಬಸ್ಸು ಹತ್ತಿ, ನಡುವೆ ಊರಿನ ದಾರಿ ಒಡೆಯುವ ಫಾಟಾದಲ್ಲಿ ಇಳಿದು, ಅಲ್ಲಿಂದ ಒಳಗೆ ಹೋಗುವ ಯಾರದಾದರೂ ಮೋಟರ್‌ಸೈಕಲ್ಲಿಗೆ ಕಾಯಬೇಕು. ಯಾರೂ ಬರದಿದ್ದರೆ ನಡೆಯಬೇಕು. ಮೃಗಶಿರಾ ಮಳೆ ಬಿದ್ದ ಮರುದಿನ ನಾನು ಹಾಗೆ ನಡೆದೇ ಊರು ಸೇರಿದೆ. ಎರಿಮಣ್ಣು ಚಪ್ಪಲಿಗೆ ಹತ್ತಿ ಹತ್ತಿ ಕಾಲು ಎತ್ತಲಾಗದಷ್ಟು ಭಾರವಾಗಿತ್ತು. ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆಯ ನಿರಿಗೆ ಎತ್ತಿ ಕಟ್ಟಿ, ಹೊಸ ಗ್ರಾಮಸೇವಿಕೆ ಬರಿಗಾಲಲ್ಲಿ ಪಂಚಾಯತಿಯ ಮೆಟ್ಟಿಲು ಹತ್ತಿದಳು. ಅಪ್ಪನದು ಸೊಲ್ಲಾಪುರದಲ್ಲಿ ಚಾದರದ ಅಂಗಡಿ. ಮನೆಮಾತು ಕನ್ನಡ, ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಸಾಲಿ, ಆಮೇಲೆ ಎಲ್ಲ ಮರಾಠಿ. ಅಂಗಡಿ ಮನೆತನದ ಹುಡುಗಿ ಹಳ್ಳಿಯ ಕೆಸರಿನಲ್ಲಿ ಮೂರು ತಿಂಗಳೂ ನಿಲ್ಲುವುದಿಲ್ಲ ಎಂದು ಅವ್ವ ಎಲ್ಲರ ಮುಂದೆ ಹೇಳಿದ್ದಳು. ಅವಳ ಮಾತು ಸುಳ್ಳು ಮಾಡಬೇಕೆಂಬ ಹಟದಿಂದಲೇ ನಾನು ಊರಲ್ಲಿ ಕೋಣೆ ಹಿಡಿದು ಇರಲು ನಿಶ್ಚಯಿಸಿದೆ.

ಕೋಣೆ ಸಿಕ್ಕಿದ್ದು ಶಾಂತವ್ವನ ಮನೆಯಲ್ಲಿ. ಊರೆಲ್ಲ ಆಕೆಯನ್ನು ಮರಾಠಿಯವರ ಹಾಗೆ ಕಾಕು ಎನ್ನುತ್ತಿತ್ತು. ಕಾಕು ಎಂದರೆ ಚಿಗವ್ವ. ಐವತ್ತು ದಾಟಿದ ಎತ್ತರದ ಹೆಂಗಸು. ಹೊಲಮನೆ ಚೆನ್ನಾಗಿದ್ದ ಮನೆತನ. ಗಂಡ ತೀರಿದಾಗ ಆಕೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಒಬ್ಬಳೇ ಮಗಳು, ದುಧನಿಗೆ ಕೊಟ್ಟಿತ್ತು. ಹಣೆಯ ಮೇಲೆ ವಿಭೂತಿ, ಬರಿ ಕೈ, ಬರಿ ಕೊರಳು. ಅಂಗಳದ ಬಚ್ಚಲು ನೀರು ಹರಿಯುವ ಕಡೆ ಅಬೋಲಿ, ಮಲ್ಲಿಗೆ ಹಚ್ಚಿದ್ದಳು. ಬೆಳಿಗ್ಗೆ ಸಾಲಿಗೆ ಹೋಗುವ ಹುಡುಗಿಯರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ತುಂಡು ಮಾಲೆ ಕತ್ತರಿಸಿ ಕೊಡುವಳು. ಆ ಊರಿನಲ್ಲಿ ಬೆಳಗಾಗುವುದೇ ಜೋಳದ ಭಕ್ರಿ ಬಡಿಯುವ ಸದ್ದಿನಿಂದ. ಬೇರೆ ಮನೆಗಳಲ್ಲಿ ಆ ಸದ್ದಿನ ಹಿಂದೆ ಬಳೆಗಳ ಕಿಣಿಕಿಣಿ ಇರುತ್ತಿತ್ತು. ನಮ್ಮ ಮನೆಯಲ್ಲಿ ಬರೀ ಅಂಗೈಯ ಸದ್ದು. ಅದು ನನ್ನ ಲಕ್ಷ್ಯಕ್ಕೆ ಬರಲು ಬಹಳ ದಿನ ಹಿಡಿಯಿತು.

ಸಂಜೆ ನಾನು ಕೆಲಸದಿಂದ ಬಂದು ಕಟ್ಟೆಯ ಮೇಲೆ ಕೂತರೆ ಕಾಕು ಚಹಾ, ಜೊತೆಗೆ ಒಂದು ಬಟ್ಟಲಲ್ಲಿ ಹುರಿದ ಶೇಂಗಾ ತಂದಿಡುವಳು. ಆಮೇಲೆ ಮಗಳು ದುಧನಿಯಿಂದ ಕಳಿಸಿದ ಕನ್ನಡ ಪತ್ರಿಕೆಗಳನ್ನು ನನ್ನ ತೊಡೆಯ ಮೇಲೆ ಹಾಕುವಳು. ನಾಲ್ಕೈದು ದಿನದ ಹಿಂದಿನವು.

"ಓದು ವಿಜೂ. ನನಗ ಕಣ್ಣು ಸಾಲಂಗಿಲ್ಲ."

"ನನಗ ಕನ್ನಡ ಓದೂದು ಮರತೇ ಹೋಗ್ಯದ ಕಾಕು."

"ಮರತಿದ್ದರ ನೆನಪ ಆಗ್ತದ. ಅವಸರ ಏನದ."

ಮೊದಮೊದಲು ಒತ್ತಕ್ಷರ ಬಂದಲ್ಲೆಲ್ಲ ನಾನು ನಿಲ್ಲುತ್ತಿದ್ದೆ. ಶ್ರಾವಣದ ಹೊತ್ತಿಗೆ ಸರಾಗವಾಗಿ ಓದತೊಡಗಿದೆ. ಇಂದು ಇದನ್ನು ಕನ್ನಡದಲ್ಲಿ ಬರೆಯಲು ಸಾಧ್ಯವಾಗಿದ್ದರೆ ಅದು ಆ ಕಟ್ಟೆಯ ಉಪಕಾರ. ಆ ಸಂಜೆಗಳಲ್ಲಿ ಮಾಡಬೇಕಾದದ್ದು ಏನೂ ಇರುತ್ತಿರಲಿಲ್ಲ. ತೊಗರಿ ಮೊಳಕಾಲೆತ್ತರ ಬಂದಿತ್ತು, ಮಳೆ ಹದವಾಗಿತ್ತು, ಗಾಳಿಯಲ್ಲಿ ಹಸಿ ಮಣ್ಣಿನ ತಂಪು. ಅಷ್ಟು ನಿಶ್ಚಿಂತೆಯಿಂದ ನಾನು ಮತ್ತೆ ಎಲ್ಲಿಯೂ ಕೂತಿಲ್ಲ.

ಕಾಕುನ ಅಂಗಳಕ್ಕೂ ಆಕೆಯ ಭಾವನ ಅಂಗಳಕ್ಕೂ ನಡುವೆ ಎದೆಮಟ್ಟದ ಗೋಡೆ. ಭಾವನ ಮಗ ಪ್ರಕಾಶ, ಅವನ ಹೆಂಡತಿ ಸವಿತಾ. ಸವಿತಾ ತಡವಳದ ಹುಡುಗಿ, ಮದುವೆಯಾಗಿ ಎರಡು ವರ್ಷವಾಗಿತ್ತು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಗೋಡೆಯ ಆ ಕಡೆಯಿಂದ ಕೈ ಚಾಚಿ, "ಸಣ್ಣತ್ತಿ, ಒಂದ್ ಮಾಲಿ ಕೊಡ್ರಿ" ಎಂದು ಹೂ ಕೇಳುತ್ತಿದ್ದಳು. ಕಾಕು ಹುಡುಗಿಯರಿಗೆ ಕೊಡುವುದಕ್ಕಿಂತ ಉದ್ದದ ಮಾಲೆ ಅವಳಿಗಾಗಿ ಬೇರೆ ಎತ್ತಿಟ್ಟಿರುತ್ತಿದ್ದಳು. ಅವಳಿಗೂ ನನಗೂ ಸಿನಿಮಾದ ಮಾತು, ಸೀರೆಯ ಮಾತು, ಸೊಲ್ಲಾಪುರದಲ್ಲಿ ಯಾವ ಗಲ್ಲಿಯಲ್ಲಿ ಏನು ಸಿಗುತ್ತದೆ ಎಂಬ ಮಾತು.

ಶ್ರಾವಣದ ಕೊನೆಗೆ, ತೊಗರಿಗೆ ಹೊಡೆಯುವ ಔಷಧ ತರಲೆಂದು ಅಕ್ಕಲಕೋಟೆಗೆ ಹೋದ ಪ್ರಕಾಶ ತಿರುಗಿ ಬರಲಿಲ್ಲ. ಮಳೆಯಲ್ಲಿ ಜಾರಿದ ಮೋಟರ್‌ಸೈಕಲ್, ಎದುರಿಗೆ ಒಂದು ಟ್ರ್ಯಾಕ್ಟರ್. ಮಧ್ಯಾಹ್ನದ ಹೊತ್ತಿಗೆ ಹೆಣ ಮನೆಗೆ ಬಂತು.

ಮಣ್ಣು ಮಾಡಿ ಗಂಡಸರು ತಿರುಗಿ ಬರುವ ಮುಂಚೆ ನಾಲ್ಕು ಹೆಂಗಸರು ನಮ್ಮ ಬಾಗಿಲಿಗೆ ಬಂದರು. ಕಾಕು ಆಗಷ್ಟೇ ಆ ಮನೆಯಿಂದ ಬಂದು ಕಂಬಕ್ಕೆ ಒರಗಿ ಕೂತಿದ್ದಳು. ಬಂದವರಲ್ಲಿ ಹಿರಿಯಳು, "ಏಳ್ರಿ ಕಾಕು, ಹೊತ್ತಾತು" ಎಂದಳು. ಕಾಕು ಏನೂ ಕೇಳಲಿಲ್ಲ. ಎದ್ದು ಹೋದಳು. ಯಾತಕ್ಕೆ ಕರೆದರೆಂದು ನನಗೆ ತಿಳಿಯಲಿಲ್ಲ. ಗೋಡೆಯ ಹತ್ತಿರ ಹೋಗಿ ನಿಂತೆ. ನಿಲ್ಲಬಾರದಿತ್ತೇನೋ, ಆದರೆ ನಿಂತೆ.

ಸವಿತಾಳನ್ನು ಮಣೆಯ ಮೇಲೆ ಕೂರಿಸಿದ್ದರು. ಹಣೆತುಂಬ ಕುಂಕುಮ, ತಲೆತುಂಬ ಹೂವು, ಎರಡೂ ಕೈಗೆ ಹಸಿರು ಬಳೆ. ಕೊನೆಯ ಸಲ ಎಂದು ತುಂಬಿಸುತ್ತಾರಂತೆ. ಕಾಕು ಅವಳ ಎದುರಿಗೆ ಕೂತು ಕೈ ಹಿಡಿದಳು. ಸವಿತಾ ಕೈ ಜಗ್ಗಿಕೊಂಡಳು. "ಸಣ್ಣತ್ತಿ, ಬ್ಯಾಡ್ರಿ. ನೀವು ಬ್ಯಾಡ್ರಿ" ಎಂದಳು. ಕಾಕು ಬಿಡಲಿಲ್ಲ. ಒಂದು ಕೈಯಲ್ಲಿ ಮಣಿಕಟ್ಟು ಬಿಗಿಯಾಗಿ ಹಿಡಿದು, ಮುಖ ಬೇರೆ ಕಡೆ ತಿರುಗಿಸಿ, ಇನ್ನೊಂದು ಕೈಯಿಂದ ಕಲ್ಲು ಎತ್ತಿದಳು.

ಸಂಜೆ ಕಾಕು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೈ ತೊಳೆಯುತ್ತಿದ್ದಳು. ತೊಳೆದದ್ದನ್ನೇ ತೊಳೆಯುತ್ತಿದ್ದಳು. ನಾನು ಚಹಾ ಮಾಡಿ ಕೊಟ್ಟೆ. ಮುಟ್ಟಲಿಲ್ಲ.

"ನೀವೇ ಯಾಕ ಹೋದ್ರಿ ಕಾಕು?" ಎಂದೆ.

"ಮುತ್ತೈದೇರು ಮಾಡೂ ಕೆಲಸಲ್ಲ ಅದು. ಗಂಡ ಸತ್ತಾಕೀನ ಮಾಡಬೇಕು. ನನ್ನವು ಒಡದಾಕಿ ನಮ್ಮತ್ತಿ. ಆಕಿ ಹೋದ ಮ್ಯಾಲ ಊರಾಗ ನನ್ನ ಕರದರು. ಒಮ್ಮಿ ಹೋದೆ. ಮುಂದ ಅದು ನನ್ನ ಕೆಲಸಾಗೇ ಉಳೀತು." ತೊಳೆದ ಕೈ ಸೆರಗಿಗೆ ಒರೆಸಿಕೊಂಡು ಅಂದಳು: "ಆ ಹುಡುಗಿ ಕೈ ಎಷ್ಟು ಮೆತ್ತಗದ ನೋಡು."

ಅಂದಿನಿಂದ ಸವಿತಾ ಕಾಕುನ ಜೊತೆ ಮಾತು ಬಿಟ್ಟಳು. ಕಾಕು ದಿನಾ ಏನಾದರೊಂದು ಅಡಿಗೆ ಮಾಡಿ ತಾಟು ಗೋಡೆಯ ಮೇಲೆ ಇಡುವಳು. ಮುಚ್ಚಿದ ತಾಟು ಮುಚ್ಚಿದ ಹಾಗೆಯೇ ಇರುತ್ತಿತ್ತು. ಕಾಗೆಗಳು ಬರುವ ಮುಂಚೆ ಕಾಕು ಅದನ್ನು ಒಳಗೆ ತಂದು ಎಮ್ಮೆಯ ಕಲಗಚ್ಚಿಗೆ ಹಾಕುವಳು. ಮರುದಿನ ಮತ್ತೆ ಇಡುವಳು. ಅಬೋಲಿ ಗಿಡದಲ್ಲೇ ಒಣಗತೊಡಗಿತು. ಹುಡುಗಿಯರಿಗೆ ಕೊಡಲು ಕೂಡ ಕಾಕು ಹೂ ಬಿಡಿಸುತ್ತಿರಲಿಲ್ಲ.

ಭಾದ್ರಪದದಲ್ಲಿ ಪಂಚಾಯತಿಗೆ ಒಂದು ಪತ್ರ ಬಂತು. ಬೇರೊಂದು ಜಿಲ್ಲೆಯ ಒಂದು ಊರು, ಗಂಡ ಸತ್ತ ಹೆಂಗಸಿನ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ತೆಗೆಯುವುದು ಇನ್ನು ಬೇಡವೆಂದು ಗ್ರಾಮಸಭೆಯಲ್ಲಿ ಠರಾವು, ಅಂದರೆ ನಿರ್ಣಯ, ಮಾಡಿತ್ತು. ಅದೇ ರೀತಿ ಉಳಿದ ಊರುಗಳೂ ವಿಚಾರ ಮಾಡಬೇಕು ಎಂದು ಸರ್ಕಾರ ಸೂಚಿಸಿತ್ತು. ನಾನು ಅದನ್ನು ಸರಪಂಚರ ಮುಂದೆ ಓದಿದೆ.

ಸರಪಂಚರು, ಅಂದರೆ ಪಂಚಾಯತಿಯ ಅಧ್ಯಕ್ಷರು, ಕಾಶೀಬಾಯಿ. ಆದರೆ ಮಾತೆಲ್ಲ ಅವರ ಗಂಡ ಭೀಮಾಶಂಕರ ಅವರದು. ಕೆಟ್ಟ ಮನುಷ್ಯರಲ್ಲ. ಊರಿಗೆ ನಳ ಬಂದದ್ದು ಅವರ ಓಡಾಟದಿಂದಲೇ. ಕಾಶೀಬಾಯಿ ಕುರ್ಚಿಯಲ್ಲಿ ಸೆರಗು ಹೊದ್ದು ಕೂತು, ಎಲ್ಲಿ ಸಹಿ ಎಂದು ಕಣ್ಣಿನಿಂದಲೇ ಕೇಳುತ್ತಿದ್ದರು.

"ಮ್ಯಾಡಮ್, ಇದನ್ನ ಫೈಲಿಗೆ ಹಚ್ಚಿ ಇಡ್ರಿ," ಎಂದರು ಭೀಮಾಶಂಕರ.

"ಗ್ರಾಮಸಭಾದ ಮುಂದ ಇಡಬೇಕಂತ ಅದರಿ."

"ಇಡ್ರಿ. ಕಡೀ ವಿಷಯ ಮಾಡ್ರಿ. ಅಷ್ಟೊತ್ತಿಗೆ ಮಂದಿ ಎದ್ದು ಹೋಗಿರ್ತಾರ."

ವಿಷಯಪತ್ರಿಕೆ ಮರಾಠಿಯಲ್ಲೇ ಇರಬೇಕು. ಆದರೆ ಊರಲ್ಲಿ ಡಂಗುರ ಸಾರುವುದು ಕನ್ನಡದಲ್ಲಿ. ಶಿಪಾಯಿ ಲಾಲಸಾಬನಿಗೆ ಕೂಗಲು ನಾನೇ ಬರೆದುಕೊಡಬೇಕಿತ್ತು. ನಳದ ವಿಷಯ ಬರೆದೆ, ಸ್ಮಶಾನದ ರಸ್ತೆ ಬರೆದೆ. ಕೊನೆಯ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. ವಿಧವೆ ಎಂದರೆ ಊರಿಗೆ ಪುಸ್ತಕದ ಮಾತು. ಊರಿನಲ್ಲಿ ಇದ್ದ ಮಾತುಗಳೆಲ್ಲ ಬೈಗುಳ. ಕಾಕುನ ಕಟ್ಟೆಯ ಮೇಲೆಯೇ ಕೂತಿದ್ದೆ. ಆಕೆ ಶೇಂಗಾ ಸುಲಿಯುತ್ತಿದ್ದಳು. ಹೇಗೆ ಕೇಳುವುದೆಂದು ತಿಳಿಯದೆ ಒದ್ದಾಡಿ, ಕೊನೆಗೆ ಪತ್ರವನ್ನೇ ಓದಿ ಹೇಳಿ, ಈ ಶಬ್ದಕ್ಕೆ ಕನ್ನಡದಲ್ಲಿ ಏನು ಬರೆಯಲಿ ಎಂದೆ.

ಕಾಕು ಸುಲಿದ ಕಾಳು ಮೊರದಲ್ಲಿ ಹಿಂದೆಮುಂದೆ ಉರುಳಿಸಿದಳು.

"ಹೆಣ್ಣಮಗಳು ಅಂತ ಬರಿ," ಅಂದಳು. "ಗಂಡ ತೀರಿದ ಹೆಣ್ಣಮಗಳು. ಗಂಡ ಸತ್ತ ಮ್ಯಾಲ ಹೆಣ್ಣಮಗಳಾಗೂದು ಏನ್ ಬಿಡ್ತಾಳ."

ಹಾಗೆಯೇ ಬರೆದೆ. ನೀವು ಸಭೆಗೆ ಬರುತ್ತೀರಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿ ಒಳಗೆ ಹೋದಳು.

ಮೊದಲ ಸಭೆ ನಡೆಯಲೇ ಇಲ್ಲ. ಗಾಂಧಿ ಜಯಂತಿಯ ದಿನ ಬೆಳಿಗ್ಗೆಯಿಂದ ಹಿಂಗಾರಿ ಮಳೆ ಹಿಡಿಯಿತು. ಬಂದ ಕೆಲವು ಗಂಡಸರು ಗುಡಿಯ ಪಡಸಾಲೆಯಲ್ಲಿ ನಿಂತು ಸಹಿ ಮಾಡಿ ಮನೆಗೆ ಹೋದರು. ಹೆಂಗಸರು ಒಬ್ಬರೂ ಬರಲಿಲ್ಲ. ಮಂದಿ ಸಾಲದ್ದಕ್ಕೆ ಸಭೆ ಒಂದು ವಾರ ಮುಂದಕ್ಕೆ ಹೋಯಿತು.

ಆ ವಾರ ನಾನು ಮನೆಮನೆಗೆ ಹೋದೆ. ನೀರಿನ ತೆರಿಗೆ ಕೇಳಲು ಬಂದೆನೆಂದು ಕೆಲವರು ಬಾಗಿಲು ಮುಂದೆ ಮಾಡಿಕೊಂಡರು. ಕೂತು ಮಾತು ಕೇಳಿದವರೆಲ್ಲ ಕೊನೆಗೆ ಕೇಳಿದ್ದು ಒಂದೇ ಮಾತು: "ಕಾಕು ಏನಂತಾರ?" ಮನೆಗೆ ಬಂದರೆ ಕಾಕು ಹತ್ತಿರ ಆ ಮಾತೇ ತೆಗೆಯುವಂತಿರಲಿಲ್ಲ. ತೆಗೆದರೆ ಎದ್ದು ಎಮ್ಮೆಯ ಕಡೆ ಹೋಗುವಳು.

ಸಭೆಯ ಹಿಂದಿನ ದಿನ ಭೀಮಾಶಂಕರ ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು ಚಹಾ ಕುಡಿದರು, ಎಮ್ಮೆಯ ಹಾಲು ಹೊಗಳಿದರು. ನಾನು ಒಳಗೆ ಇದ್ದೆ, ಮಾತು ಕೇಳುತ್ತಿತ್ತು.

"ಕಾಕು, ನೀವು ನಾಳಿಗಿ ಸಭಾಕ್ಕ ಬರ್ರಿ. ಬಂದು ಇದು ನಮಗ ಬ್ಯಾಡ ಅಂತ ಒಂದ್ ಮಾತು ಅನ್ರಿ ಸಾಕು. ನೀವು ಅಂದರ ಯಾರೂ ಎದುರಾಡಂಗಿಲ್ಲ. ಹಿರ್ಯಾರ ರೂಢಿ ಇದು. ಸರಕಾರ ನಮ್ಮ ಅಡಿಗಿಮನಿ ತನಕ ಬರಬಾರದು."

"ಬರ್ತೀನಿ," ಎಂದಳು ಕಾಕು.

ಆ ಸಂಜೆ ಪತ್ರಿಕೆ ಓದಲು ಮನಸ್ಸಾಗದೆ ತಲೆನೋವೆಂದು ಹೇಳಿ ಮಲಗಿದೆ. ಕಾಕು ಬಂದು ಹಣೆಗೆ ಎಣ್ಣೆ ಹಚ್ಚಿದಳು. ನಾನು ಕಣ್ಣು ತೆರೆಯಲಿಲ್ಲ.

ಮರುದಿನ ಬಿಸಿಲು ಚೆನ್ನಾಗಿ ಬಿತ್ತು. ಲಾಲಸಾಬ ಮಾರುತಿ ಗುಡಿಯ ಮುಂದೆ ಜಮಖಾನ ಹಾಸಿದ. ಒಂದು ವಾರದ ಹಸಿ ಅದರಲ್ಲಿ ಇನ್ನೂ ಇತ್ತು. ಕಾಕು ಬರುತ್ತಾಳೆಂಬ ಸುದ್ದಿ ಊರಿಗೆಲ್ಲ ಮುಟ್ಟಿತ್ತು. ಅದಕ್ಕೇ ಇರಬೇಕು, ಹೆಂಗಸರು ಗುಂಪುಗುಂಪಾಗಿ ಬಂದು ಬೇವಿನ ಮರದ ನೆರಳಿನಲ್ಲಿ ಕೂತರು. ಗ್ರಾಮಸಭೆಗೆ ಅಷ್ಟು ಹೆಂಗಸರು ಬಂದದ್ದನ್ನು ನೋಡಿ ಗಂಡಸರೇ ಸ್ವಲ್ಪ ಸರಿದು ಜಾಗ ಕೊಟ್ಟರು. ಕಾಕು ಬಿಳಿಯ ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಳು. ನನ್ನ ಕಡೆ ನೋಡಲಿಲ್ಲ.

ನಳದ ಮಾತು ಮುಗಿಯಿತು. ಸ್ಮಶಾನದ ರಸ್ತೆಗೆ ಯಾರ ಹೊಲದ ಬದು ಹೋಗುತ್ತದೆ ಎಂಬ ಜಗಳ ಅರ್ಧಕ್ಕೆ ಬಂದು ನಿಂತಿತು. ಆಮೇಲೆ ನಾನು ಎದ್ದು ಕೊನೆಯ ವಿಷಯ ಮೊದಲು ಮರಾಠಿಯಲ್ಲಿ, ನಂತರ ಕನ್ನಡದಲ್ಲಿ ಓದಿದೆ. ಓದಿ ಮುಗಿಸಿ ತಲೆ ಎತ್ತಿದಾಗ ಕಂಡೆ: ಗುಡಿಯ ಗೋಡೆಗೆ ಹತ್ತಿ, ಸೆರಗು ಮುಖದವರೆಗೆ ಎಳೆದುಕೊಂಡು ಸವಿತಾ ನಿಂತಿದ್ದಳು. ಗಂಡ ಸತ್ತ ಮೇಲೆ ಅವಳು ಹೊಸ್ತಿಲು ದಾಟಿದ್ದು ಅದೇ ಮೊದಲು. ಹೆಂಗಸರಲ್ಲಿ ಗುಜುಗುಜು ಎದ್ದಿತು. ಅವಳ ಮಾವ ಗಂಡಸರ ನಡುವೆ ತಲೆ ತಗ್ಗಿಸಿ ಕೂತರು.

ಒಬ್ಬ ಹಿರಿಯರು ಎದ್ದರು. ನಳ, ರಸ್ತಾ, ದೀಪ ಇವು ಸಭೆಯ ವಿಷಯ, ಬಳೆ ಕುಂಕುಮ ಅಲ್ಲ ಎಂದರು. ಹೌದು ಹೌದು ಎಂದು ಕೆಲವರು ತಲೆಯಾಡಿಸಿದರು. ಹೆಂಗಸರ ಕಡೆಯಿಂದ ಮಾತಾಡಿದವಳು ಭಾಗವ್ವ ಎಂಬ ಮುದುಕಿ. ಬೆನ್ನು ಬಾಗಿ ಹೋಗಿತ್ತು, ಕೂತಲ್ಲಿಂದಲೇ ಮಾತಾಡಿದಳು.

"ನನ್ನ ಬಳಿ ಒಡದಾಗ ನಾ ಇನ್ನೂ ದೊಡ್ಡಾಕಿ ಆಗಿದ್ದಿಲ್ಲ. ಯಾರೂ ಠರಾವು ಮಾಡ್ಲಿಲ್ಲ ನನಗ. ಈಗ ಇದು ಬ್ಯಾಡಾಗಿತ್ತು ಅಂದರ, ನಾ ಇಷ್ಟು ವರ್ಷ ತಗದದ್ದು ಏನಾತು? ಸುಳ್ಳಾತೇನು?"

ಭೀಮಾಶಂಕರ ಈ ಹೊತ್ತನ್ನೇ ಕಾಯುತ್ತಿದ್ದವರ ಹಾಗೆ, "ಕಾಕು, ನೀವು ಹೇಳ್ರಿ" ಎಂದರು.

ಕಾಕು ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಭಾಗವ್ವ ಅಂದದ್ದು ಖರೆ ಅದ. ನಾವು ತಗದದ್ದು ಯಾರೂ ತಿರುಗಿ ಕೊಡಂಗಿಲ್ಲ. ನನಗೂ ಬ್ಯಾಡ," ಎಂದಳು. ದನಿ ಏರಿರಲಿಲ್ಲ, ಕಟ್ಟೆಯ ಮೇಲೆ ಮಾತಾಡುವ ಹಾಗೆಯೇ ಇತ್ತು. "ನಾ ಬ್ಯಾರೆ ಮಾತು ಹೇಳಾಕ ಬಂದೀನಿ. ಈ ಊರಾಗ ಯಾರ ಗಂಡ ಸತ್ತರೂ ಬಳಿ ಒಡಿಯಾಕ ನನ್ನ ಕರೀತೀರಿ. ನಾ ಬರ್ತೀನಿ. ಮದವಿಗಿ ಕರಿಯಂಗಿಲ್ಲ, ಕುಬಸಕ್ಕ ಕರಿಯಂಗಿಲ್ಲ, ತೊಟ್ಟಲಕ್ಕ ಕರಿಯಂಗಿಲ್ಲ. ಇದಕ್ಕ ಕರೀತೀರಿ. ನಾ ಎತ್ತಿ ಆಡಿಸಿದ ಹುಡುಗುರು, ಅವರ ಹೆಂಡರ ಕೈ ಹಿಡದು ನಾನ ಒಡದೀನಿ. ಮೊನ್ನಿ ನನ್ನ ಮನಿ ಹುಡುಗಿದು ಒಡದೀನಿ. ಬ್ಯಾಡ್ರಿ ಅಂದಳು. ಬಿಡಲಿಲ್ಲ ನಾ."

ಅಲ್ಲಿಗೆ ನಿಂತಳು. ಮುಂದಿನದನ್ನು ಹೇಳುವ ಮುಂಚೆ ಗಂಡಸರ ಕಡೆ ಒಮ್ಮೆ, ಹೆಂಗಸರ ಕಡೆ ಒಮ್ಮೆ ನೋಡಿದಳು.

"ಇನ್ನ ಮ್ಯಾಲ ನಾ ಬರಂಗಿಲ್ಲ. ನೀವು ಠರಾವು ಮಾಡ್ರಿ, ಬಿಡ್ರಿ. ನನ್ನ ಬಾಗಿಲಿಗಿ ಬರಬ್ಯಾಡ್ರಿ. ಯಾರಿಗಿ ಒಡೀಬೇಕನಸ್ತದ ಅವರು ತಮ್ಮ ಕೈಲೆ ಒಡಕೊಳ್ರಿ."

ಕೂತುಬಿಟ್ಟಳು. ಭೀಮಾಶಂಕರ ಗಂಟಲು ಸರಿಮಾಡಿಕೊಂಡು, ವಿಷಯ ಗಂಭೀರ ಇದೆ, ಮುಂದಿನ ಸಭೆಗೆ ಇಡೋಣ ಎಂದರು. ಆಗ ಅವರ ಪಕ್ಕದ ಕುರ್ಚಿಯಿಂದ, ನಾನು ಆವರೆಗೆ ಒಂದು ಸಭೆಯಲ್ಲೂ ಕೇಳಿರದ ದನಿ ಬಂತು.

"ಮುಂದಿಂದು ಬ್ಯಾಡ. ಅಧ್ಯಕ್ಷ ನಾನ ಇದ್ದೀನಲಾ," ಎಂದರು ಕಾಶೀಬಾಯಿ. ಗಂಡನ ಮುಖ ನೋಡದೆ ನನ್ನ ಕಡೆ ತಿರುಗಿ, "ಮ್ಯಾಡಮ್, ಸೂಚಕರು ಕಾಕು ಅಂತ ಬರಕೋರಿ. ಅನುಮೋದನ ಯಾರು ಕೊಡ್ತಾರ ಕೇಳ್ರಿ" ಎಂದರು.

ಕೇಳಿದೆ. ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಹೆಂಗಸರ ಗುಂಪಿನಲ್ಲಿ ಸೆರಗುಗಳು ಅಲ್ಲಾಡಿದವು, ಯಾರೂ ಏಳಲಿಲ್ಲ. ಇನ್ನು ಇದು ಇಲ್ಲಿಗೇ ಬಿತ್ತು ಎಂದುಕೊಳ್ಳುತ್ತಿದ್ದಾಗ ಭಾಗವ್ವ ಕೈಕೋಲು ಎತ್ತಿದಳು.

"ನಂದು ಬರಕೋ ಯವ್ವಾ. ನನಗಾದದ್ದು ಆತು."

ಆಮೇಲೆ ಕೈಗಳು ಎದ್ದವು. ಮೊದಲು ಹೆಂಗಸರದು, ನಿಧಾನಕ್ಕೆ ಗಂಡಸರದು. ಎಲ್ಲರೂ ಎತ್ತಲಿಲ್ಲ, ಎದ್ದು ಹೋದವರೂ ಇದ್ದರು. ಸವಿತಾಳ ಮಾವ ತಲೆ ತಗ್ಗಿಸಿಯೇ ಕೈ ಎತ್ತಿದರು. ಗೋಡೆಯ ಕಡೆ ನೋಡಿದೆ, ಸವಿತಾ ಹೋಗಿಬಿಟ್ಟಿದ್ದಳು.

ಠರಾವು ಆದ ಮಾತ್ರಕ್ಕೆ ಊರು ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಿಟ್ಟಿನ ಗಿರಣಿಯ ಮುಂದೆ ಕೂಡುವವರು ನನ್ನನ್ನು ಬಳಿ ಮ್ಯಾಡಮ್ ಎನ್ನತೊಡಗಿದರು. ಫಲಕದ ಮೇಲೆ ಹಚ್ಚಿದ ಠರಾವಿನ ಪ್ರತಿಯನ್ನು ಯಾರೋ ಹರಿದರು. ಲಾಲಸಾಬ ಇನ್ನೊಂದು ಹಚ್ಚಿದ. ಕಾಕು ಹಣೆಗೆ ವಿಭೂತಿಯನ್ನೇ ಹಚ್ಚಿಕೊಂಡಳು. ಗೋಡೆಯ ಮೇಲಿನ ತಾಟು ಮುಚ್ಚಿದ ಹಾಗೆಯೇ ಇರುತ್ತಿತ್ತು. ದೀಪಾವಳಿ ಬಂದು ಹೋಯಿತು. ಹಿಂಗಾರಿ ಜೋಳ ಎದೆಮಟ್ಟ ಬಂತು, ಬೆಳಗಿನ ಚಳಿ ಸುರುವಾಯಿತು. ಕಾಕು ತಾಟು ಒಳಗೆ ತರುವಾಗ ಮಾತ್ರ ಒಮ್ಮೆ ಗೋಡೆಯ ಆಚೆ ನೋಡುವಳು.

ಎಳ್ಳಮವಾಸಿಗೆ ಒಂದು ವಾರ ಇದ್ದಾಗ ಸವಿತಾ ನನ್ನ ಜೊತೆ ಅಕ್ಕಲಕೋಟೆಗೆ ಬಂದಳು. ಆರಾಮಿಲ್ಲ, ದವಾಖಾನೆಗೆ ಎಂದು ಅತ್ತೆಗೆ ಹೇಳಿದ್ದಳು. ಬಸ್ಸು ಇಳಿದ ಮೇಲೆ ನನ್ನನ್ನು ನೇರ ಬಳೆಗಾರರ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವನು ಹಾಕಲು ಕೈ ಹಿಡಿಯಬಂದಾಗ ಹಿಂದೆ ತೆಗೆದುಕೊಂಡು, "ಕಟ್ಟಿ ಕೊಡ್ರಿ" ಎಂದಳು. ಹಸಿರು ಚುಕ್ಕಿ ಬಳೆ. ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಎಳ್ಳಮವಾಸಿಯ ದಿನ ಎರಡೂ ಮನೆಯವರು ಕೂಡಿ ಹೊಲಕ್ಕೆ ಹೋದೆವು. ಜೋಳದ ನಡುವೆ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲು ಪಾಂಡವರೆಂದು ಇಟ್ಟು, ಸುಣ್ಣ ಬಳಿದು ಪೂಜೆ ಮಾಡುತ್ತಾರೆ. ಬುಟ್ಟಿಗಳಲ್ಲಿ ಕಾಯಿಪಲ್ಯೆ, ಕಾಳು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆಯ ಕಡುಬು, ಶೇಂಗಾದ ಹೋಳಿಗೆ, ಮಡಿಕೆಯಲ್ಲಿ ಅಂಬಲಿ. ಕಾಕುನ ಭಾವ ಭೂಮಿತಾಯಿಯ ಪಾಲೆಂದು ಹೊಲದ ಸುತ್ತ ಅಡಿಗೆಯ ಚರಗ ಚೆಲ್ಲಿ ಬಂದರು. ಪೂಜೆಗೆ ಮುತ್ತೈದೆಯರು ಮುಂದೆ, ಕಾಕು ಎಂದಿನಂತೆ ದೂರ ಬೇಲಿಯ ಹತ್ತಿರ ಗೋಣಿಚೀಲದ ಮೇಲೆ. ಸವಿತಾಳನ್ನೂ ಆ ಕಡೆಯೇ ಕೂರಿಸಿದ್ದರು. ಇಬ್ಬರ ನಡುವೆ ನಾಲ್ಕು ಮಾರು ಅಂತರ.

ಎಲೆ ಹಾಕುವ ಹೊತ್ತಿಗೆ ಸವಿತಾ ಎದ್ದಳು. ಸೊಂಟದಲ್ಲಿ ಸಿಕ್ಕಿಸಿದ್ದ ಕಾಗದದ ಪೊಟ್ಟಣ ತೆಗೆದು ಕಾಕುನ ಮುಂದೆ ಬಂದು ಕೂತಳು. ಪೊಟ್ಟಣವನ್ನು ಆಕೆಯ ಉಡಿಯಲ್ಲಿ ಇಟ್ಟು ಎರಡೂ ಕೈ ಚಾಚಿದಳು.

"ಇಡಸ್ರಿ ಸಣ್ಣತ್ತಿ."

ಕಾಕು ಪೊಟ್ಟಣ ಬಿಚ್ಚಿ ನೋಡಿದಳು. "ನಾ ಬ್ಯಾಡ. ಬ್ಯಾರೆ ಯಾರರೆ ಇಡಸಲಿ. ಒಡದ ಕೈ ಇದು," ಎಂದಳು.

"ಗೊತ್ತದ. ಅದಕ್ಕ ನಿಮ್ಮ ಮುಂದ ಕುಂತೀನಿ."

ಎಲೆ ಬಡಿಸುತ್ತಿದ್ದವರು ನಿಂತರು. ಸವಿತಾಳ ಅತ್ತೆ, ಸತ್ತ ಮಗನ ತಾಯಿ, ಕೈಯಲ್ಲಿ ಭಜ್ಜಿಯ ಸೌಟು ಹಿಡಿದುಕೊಂಡು ನಿಂತಿದ್ದಳು. ಬೈಯುತ್ತಾಳೆಂದು ನಾನು ಹೆದರಿದೆ. ಅವಳು ಮುಖ ತಿರುಗಿಸಿ ಜೋಳದ ಕಡೆ ನೋಡುತ್ತ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಕಾಕು ಒಂದೊಂದೇ ಬಳೆ ಏರಿಸಿದಳು. ಹೆಬ್ಬೆರಳ ಗಿಣ್ಣು ದಾಟುವಾಗ ಒಂದು ಬಳೆ ನಡುವೆಯೇ ಒಡೆಯಿತು. ಕಾಕು ಬೆಚ್ಚಿಬಿದ್ದಳು. ಸವಿತಾ ಚೂರುಗಳನ್ನು ಎತ್ತಿ ಬದುವಿಗೆ ಒಗೆದು, "ಇನ್ನೂ ಅವ, ಇಡಸ್ರಿ" ಎಂದಳು. "ಕೈ ಸಡ್ಲ ಬಿಡು ಯವ್ವಾ," ಎಂದಳು ಕಾಕು. ಎರಡೂ ಕೈ ತುಂಬಿದ ಮೇಲೆ ಸವಿತಾ ಪೂಜೆಯ ತಟ್ಟೆಯಿಂದ ಕುಂಕುಮ ತಂದು ತಾನು ಹಚ್ಚಿಕೊಂಡು, ಬೆರಳನ್ನು ಕಾಕುನ ಹಣೆಯ ಕಡೆ ಚಾಚಿದಳು. ಕಾಕು ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು.

"ನನಗ ಇದು ರೂಢಿ ಆಗ್ಯದ ಮಗಳ. ವಿಭೂತಿ ಇರಲಿ. ನೀ ಹಚ್ಚಿಕೊಂಡದ್ದು ನೋಡಿದೆ, ಸಾಕು."

ಅತ್ತೆ ಸೌಟು ಹಿಡಿದುಕೊಂಡೇ ಬಂದು ಇಬ್ಬರಿಗೂ ಒಂದೇ ಎಲೆಯಲ್ಲಿ ಬಡಿಸಿದಳು. ಬಿಸಿಲಿಗೆ ಜೋಳದ ತೆನೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಸವಿತಾ ಕಾಕುನ ಕಡುಬು ಮುರಿದು ತಿಂದಳು, ಕಾಕು ಅವಳ 'ಕುಡೀರಿ ಕುಡೀರಿ' ಎಂಬ ಒತ್ತಾಯಕ್ಕೆ ಎರಡು ಬಟ್ಟಲು ಅಂಬಲಿ ಕುಡಿದಳು. ನನ್ನ ಆಯುಷ್ಯದಲ್ಲಿ ಯಾವುದಾದರೂ ಒಂದು ಮಧ್ಯಾಹ್ನವನ್ನು ತಿರುಗಿ ಕೊಡುತ್ತೇವೆ ಎಂದು ಯಾರಾದರೂ ಅಂದರೆ ನಾನು ಅದನ್ನೇ ಕೇಳುತ್ತೇನೆ.

ಬೇಸಿಗೆಯಲ್ಲಿ ನನಗೆ ಬದಲಿಯ ಆದೇಶ ಬಂತು. ಮೋಹೋಳದ ಕಡೆ, ಕನ್ನಡ ಕೇಳದ ಊರು. ಹೊರಡುವ ದಿನ ಕಾಕು, ಸವಿತಾ ಇಬ್ಬರೂ ಫಾಟಾದವರೆಗೆ ಬಂದರು. ಕಾಕು ಕುಟ್ಟಿದ ಶೇಂಗಾ ಚಟ್ನಿಯ ಡಬ್ಬಿ ನನ್ನ ಚೀಲದಲ್ಲಿ ಇಟ್ಟಳು. ಬಸ್ಸು ದೂರದಲ್ಲಿ ಕಂಡಾಗ, "ಕನ್ನಡ ಓದೂದು ಬಿಡಬ್ಯಾಡ, ಮತ್ತ ಮರೀತಿ" ಎಂದಳು. ಹಿಂದಿನ ಕಿಟಕಿಯಿಂದ ನೋಡಿದೆ. ಬಿಸಿಲಿನಲ್ಲಿ ಇಬ್ಬರೂ ತಿರುಗಿ ನಡೆಯುತ್ತಿದ್ದರು, ಸವಿತಾ ಆಕೆಯ ಹೆಗಲ ಮೇಲೆ ಕೈ ಹಾಕಿದ್ದಳು.

ಆಮೇಲೆ ಎರಡು ಸಲ ಹೋಗಿ ಬಂದೆ. ಮೂರನೆಯ ಸಲ ಹೋಗಬೇಕು ಎನ್ನುತ್ತಲೇ ಇದ್ದೆ. ಎರಡು ವರ್ಷದ ಹಿಂದೆ ಒಂದು ಚಳಿಗಾಲದಲ್ಲಿ ಕಾಕುಗೆ ಜ್ವರ ಬಂದು ನಾಲ್ಕೇ ದಿನದಲ್ಲಿ ಮುಗಿಯಿತು. ನಾನು ಪುಣೆಯಲ್ಲಿ ತರಬೇತಿಯಲ್ಲಿದ್ದೆ. ಸುದ್ದಿ ತಲುಪಿದಾಗ ಮಣ್ಣಾಗಿ ಹೋಗಿತ್ತು.

ಜಮಖಾನದ ವಾಸನೆ ಎದ್ದ ಆ ದಿನ ಸಂಜೆ ಮನೆಗೆ ಬಂದವಳೇ ಸವಿತಾಳಿಗೆ ಫೋನು ಮಾಡಿದೆ. ಅವಳೀಗ ಪಂಚಾಯತಿಯ ಸದಸ್ಯೆ. ಅಂಗನವಾಡಿಯ ಕಟ್ಟಡಕ್ಕಾಗಿ ಅಕ್ಕಲಕೋಟೆಗೆ ತಿರುಗುತ್ತಿದ್ದಾಳೆ. ಮಳೆ, ತೊಗರಿ, ಭಾಗವ್ವ ತೀರಿದ್ದು, ಕಾಶೀಬಾಯಿಯ ಮೊಣಕಾಲು ನೋವು, ಎಲ್ಲ ಹೇಳಿದಳು. ಹೋದ ವಾರ ಕೆಳಗಿನ ಓಣಿಯಲ್ಲಿ ಒಬ್ಬ ಹುಡುಗ ತೀರಿಕೊಂಡನಂತೆ, ಕಾಮಾಲೆಯಾಗಿ. ಹೆಂಡತಿಗೆ ಇಪ್ಪತ್ತೂ ತುಂಬಿಲ್ಲ.

"ಬಳಿ..." ಎಂದೆ. ಪೂರ್ತಿ ಕೇಳಲಾಗಲಿಲ್ಲ.

"ಇಲ್ಲರಿ, ಒಡಿಲಿಲ್ಲ. ಹಿರ್ಯಾರು ಒಬ್ಬಿಬ್ಬರು ಒಡೀಬೇಕು ಅಂದರು. ಮುಂದ ಯಾರನ್ನ ಕರೀಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ಅತ್ತ ಇತ್ತ ನೋಡಿದರು, ಹಂಗ ಸುಮ್ಮನಾದರು."

"ನೀ ಏನ್ ಮಾಡಿದಿ?"

"ಏನ್ ಮಾಡೂದು? ಆಕಿ ಬಾಜೂಕ ಹೋಗಿ ಕುಂತೆ. ಸಂಜೀತನಕ ಕುಂತೆ."

ಮಾತು ಮುಗಿಸಿ ಫೋನು ಇಟ್ಟ ಮೇಲೆ ಚಹಾಕ್ಕೆ ನೀರಿಟ್ಟೆ. ಈ ಸುದ್ದಿ ಹೇಳಬೇಕಾದವರು ಒಬ್ಬರೇ ಇದ್ದರು. ಸೊಲ್ಲಾಪುರದ ಮೂರನೆಯ ಮಹಡಿಯ ಅಡಿಗೆಮನೆಯಲ್ಲಿ ನಿಂತು, ಕಾಕು, ಎಂದು ಒಮ್ಮೆ ಕರೆದೆ. ನನಗೇ ಕೇಳಿಸುವಷ್ಟು ಮೆಲ್ಲಗೆ.